ಸೊನ್ನೆಯನ್ನು ಎಲ್ಲಿ ಇಡುವುದು?

ಪಶ್ಚಿಮ ಬೆಂಗಳೂರಿನ ಕೊಳಚೆಯ ಬಹುಪಾಲು ಹರಿದುಹೋಗುವುದು ವೃಷಭಾವತಿಯ ಕಣಿವೆಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆಂದು ಜನ ನಂಬುವ ಈ ಹೊಳೆ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಬಿಡದಿ ಸಮೀಪದ ಭೈರಮಂಗಲ ಕೆರೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ಕೆಂಗೇರಿಯ ಹತ್ತಿರ ಬಸ್ಸಿನ ಕಿಟಕಿ ತೆರೆದವರಿಗೆ ಹೊಳೆಯ ಸ್ಥಿತಿ ಮೂಗಿನಿಂದಲೇ ತಿಳಿಯುತ್ತದೆ. ಆದರೆ ಮೂಗು ಹೇಳಿದ್ದನ್ನು ದಾಖಲೆಗೆ ಬರೆಯಲಾಗುವುದಿಲ್ಲ. ದಾಖಲೆಗೆ ಅಂಕಿ ಬೇಕು. ಇಂಥ ನೀರಿನಲ್ಲಿ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚು ಸಲ ಅಳೆಯುವ ಅಂಕಿ ಎಂದರೆ ಪಿಎಚ್.

ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಈ ಮಾಪನವನ್ನು 1909ರಲ್ಲಿ ರೂಪಿಸಿದವರು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೊರೆನ್‌ಸೆನ್. ಬಿಯರ್ ಕಂಪನಿಯೊಂದು ಕಟ್ಟಿದ ಪ್ರಯೋಗಾಲಯ ಅದು. ಮಾಪನದ ನಡುವೆ 7 ಇದೆ. ಅದಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ. ಭಾರತದಲ್ಲಿ ಕೊಳಚೆ ಶುದ್ಧೀಕರಣ ಘಟಕದಿಂದ ಹೊರಬೀಳುವ ನೀರಿನ ಪಿಎಚ್ 6.5ರಿಂದ 9.0ರ ಒಳಗಿರಬೇಕು ಎಂಬುದು 2017ರ ಕೇಂದ್ರ ಅಧಿಸೂಚನೆಯ ಮಾತು. ಕುಡಿಯುವ ನೀರಿಗಾದರೆ 6.5ರಿಂದ 8.5.

ಇದನ್ನು ಅಳೆಯಲು ಬಳಸುವ ಗಾಜಿನ ಎಲೆಕ್ಟ್ರೋಡ್ ನಿಜಕ್ಕೂ ಒಂದು ವಿಚಿತ್ರ ಬ್ಯಾಟರಿ. ತುದಿಯಲ್ಲಿ ಗೋಲಿಯಂಥ ತೆಳುಗಾಜಿನ ಉಬ್ಬು. ಒಳಗೆ ಪಿಎಚ್ ಗೊತ್ತಿರುವ ದ್ರಾವಣ. ಹೊರಗಿನ ನೀರಿನಲ್ಲಿ ಹೈಡ್ರೋಜನ್ ಅಯಾನುಗಳು ಒಳಗಿನದಕ್ಕಿಂತ ಹೆಚ್ಚಿದ್ದರೆ ಗಾಜಿನ ಎರಡು ಬದಿಗಳ ನಡುವೆ ಒಂದು ದಿಕ್ಕಿನ ವೋಲ್ಟೇಜ್ ಏಳುತ್ತದೆ, ಕಡಿಮೆಯಿದ್ದರೆ ಇನ್ನೊಂದು ದಿಕ್ಕಿನದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಒಂದು ಅಂಕ ಬದಲಾದರೆ ವೋಲ್ಟೇಜ್ 59.16 ಮಿಲಿವೋಲ್ಟ್ ಬದಲಾಗುತ್ತದೆ. ಪಿಎಚ್ 4 ಇದ್ದಲ್ಲಿ ಎಲೆಕ್ಟ್ರೋಡ್ ಸುಮಾರು +177 ಮಿಲಿವೋಲ್ಟ್ ಕೊಡುತ್ತದೆ, 7ರಲ್ಲಿ ಸೊನ್ನೆ, 10ರಲ್ಲಿ −177.

ಈಗ ಅಧಿಸೂಚನೆಯ ಮಿತಿಯನ್ನು ಇದೇ ಲೆಕ್ಕಕ್ಕೆ ತನ್ನಿ. 6.5 ಎಂದರೆ +30 ಮಿಲಿವೋಲ್ಟ್, 9.0 ಎಂದರೆ −118. ಕಾನೂನಿಗೆ ಬೇಕಾದ ಹರವಿನಲ್ಲಿ ಐದರಲ್ಲಿ ನಾಲ್ಕು ಭಾಗ ಸೊನ್ನೆಯ ಕೆಳಗೇ ಇದೆ. ಋಣ ವೋಲ್ಟೇಜನ್ನು ಓದಲು ಬಾರದ ಯಂತ್ರವೊಂದನ್ನು ಹೊಳೆಯ ದಡದಲ್ಲಿ ಕೂರಿಸಿದರೆ, ಸೋಪಿನ ನೀರು ಬಂದರೂ ಕಾಸ್ಟಿಕ್ ಸೋಡಾ ಬಂದರೂ ಅದು ‘7’ ಎಂದೇ ಬರೆದುಕೊಂಡು ಕೂತಿರುತ್ತದೆ.

ಇಂದಿನ ಅಗ್ಗದ ಯಂತ್ರಗಳಿಗೆಲ್ಲ ಇರುವ ತೊಂದರೆ ಇದೇ. ವೋಲ್ಟೇಜನ್ನು ಅಂಕಿಯಾಗಿಸುವ ಭಾಗಕ್ಕೆ ಅನಲಾಗ್-ಟು-ಡಿಜಿಟಲ್ ಕನ್ವರ್ಟರ್ ಎಂದು ಹೆಸರು, ಎಲ್ಲರ ಬಾಯಲ್ಲಿ ಎಡಿಸಿ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಎಸ್.ಪಿ. ರಸ್ತೆಯಿಂದ ತರುವ ಆರ್ಡುಯಿನೋ ಊನೋ ಬೋರ್ಡಿನ ಒಳಗಿರುವ ಎಡಿಸಿ 10 ಬಿಟ್‌ನದು: 0ಯಿಂದ 5 ವೋಲ್ಟಿನವರೆಗಿನ ಅಂತರವನ್ನು ಅದು 1024 ಮೆಟ್ಟಿಲಾಗಿ ಕತ್ತರಿಸುತ್ತದೆ. ಒಂದು ಮೆಟ್ಟಿಲು 4.88 ಮಿಲಿವೋಲ್ಟ್. ಮೊದಲ ಮೆಟ್ಟಿಲಿಗಿಂತ ಕೆಳಗೆ ಅದಕ್ಕೆ ಲೋಕವೇ ಇಲ್ಲ. ಅಷ್ಟೇ ಆದರೆ ಪರವಾಗಿಲ್ಲ. ಅದರ ಕಾಲಿಗೆ ಗ್ರೌಂಡಿಗಿಂತ ಅರ್ಧ ವೋಲ್ಟ್ ಕೆಳಗೆ ಹೋದ ವೋಲ್ಟೇಜ್ ಕೊಡಬಾರದು ಎಂದು ಚಿಪ್ಪಿನ ಡೇಟಾಶೀಟ್ ಎಚ್ಚರಿಸುತ್ತದೆ. ಮೀರಿದರೆ ಒಳಗಿನ ರಕ್ಷಣಾ ಡಯೋಡಿನಲ್ಲಿ ಕರೆಂಟು ಹರಿಯತೊಡಗುತ್ತದೆ. ಆ ಕರೆಂಟು ಹೆಚ್ಚಾದರೆ ಚಿಪ್ ಸುಡುತ್ತದೆ.

ಪರಿಹಾರ ಸುಲಭದ್ದೇ. ಮಾಲುಗಳಲ್ಲಿ ನೆಲಮಹಡಿಯ ಕೆಳಗೆ ಮೂರು ಪಾರ್ಕಿಂಗ್ ಮಹಡಿಗಳಿರುತ್ತವಲ್ಲ, ಲಿಫ್ಟಿಗೆ ಋಣ ಸಂಖ್ಯೆ ಬಾರದು ಎಂದಿಟ್ಟುಕೊಳ್ಳಿ. ಆಗ ತೀರಾ ತಳದ ಪಾರ್ಕಿಂಗನ್ನೇ ಸೊನ್ನೆ ಎಂದು ಎಣಿಸಲು ಶುರುಮಾಡಬೇಕು. ರಸ್ತೆಯ ಮಟ್ಟ ತಾನಾಗಿ ಮೂರನೆಯ ಮಹಡಿ ಆಗುತ್ತದೆ. ಎಡಿಸಿಗೂ ಹಾಗೆಯೇ: ನಿಜವಾದ ಸೊನ್ನೆಯನ್ನು 2.5 ವೋಲ್ಟಿಗೆ ಎತ್ತಿಟ್ಟು, ಕೊನೆಗೆ ಬಂದ ಅಂಕಿಯಿಂದ 512 ಕಳೆದರೆ ಧನವೂ ಋಣವೂ ಸರಿಯಾಗಿ ಬರುತ್ತವೆ.

ಎತ್ತುವ ಕೆಲಸಕ್ಕೆ ಮೂರು ರೆಸಿಸ್ಟರ್ ಸಾಕು ಎಂದು ತೋರಿಸುವ ಒಂದು ಲೆಕ್ಕ ಇಲ್ಲಿದೆ. ಕಾಮಾಕ್ಷಿಪಾಳ್ಯದಿಂದ ಪೀಣ್ಯದವರೆಗೆ ಹಬ್ಬಿರುವ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳಿಗೆ ಕೊರತೆಯಿಲ್ಲ. ಇಂಥ ಯಂತ್ರಗಳಲ್ಲಿ ಮೋಟಾರು ತಿರುಗಿಸುವ ಸರ್ವೋ ಡ್ರೈವ್‌ಗಳಿಗೆ ವೇಗದ ಆಜ್ಞೆ ಕೊಡುವ ಹಳೆಯ ರೂಢಿ −10ರಿಂದ +10 ವೋಲ್ಟಿನ ಸಿಗ್ನಲ್. ಧನವಾದರೆ ಮೋಟಾರು ಒಂದು ಕಡೆ ತಿರುಗುತ್ತದೆ, ಋಣವಾದರೆ ಇನ್ನೊಂದು ಕಡೆ. ಇದನ್ನು 0–5 ವೋಲ್ಟಿನ ಎಡಿಸಿಗೆ ಓದಿಸಬೇಕು. ಸಿಗ್ನಲ್ ತಂತಿಯಿಂದ ಎಡಿಸಿಯ ಕಾಲಿಗೆ 20 ಕಿಲೋಓಮ್, ಅದೇ ಕಾಲಿನಿಂದ 5 ವೋಲ್ಟಿಗೆ 10 ಕಿಲೋಓಮ್, ಗ್ರೌಂಡಿಗೆ 20 ಕಿಲೋಓಮ್. ಸಿಗ್ನಲ್ −10 ಇದ್ದಾಗ ಕಾಲಿನ ಮೇಲೆ ಸರಿಯಾಗಿ 0 ವೋಲ್ಟ್; 0 ಇದ್ದಾಗ 2.5, +10 ಇದ್ದಾಗ 5. ಕಾಗದದ ಮೇಲೆ ಒಮ್ಮೆ ಮಾಡಿ ನೋಡಿದರೆ ಓಮ್‌ನ ನಿಯಮ ಬಿಟ್ಟು ಬೇರೇನೂ ಬೇಕಾಗುವುದಿಲ್ಲ. ಈ ಜೋಡಣೆಗೆ ಇನ್ನೊಂದು ಗುಣವೂ ಇದೆ. ಬೋರ್ಡಿನ ಕರೆಂಟು ಹೋಗಿ ಸಿಗ್ನಲ್ ಮಾತ್ರ −10ರಲ್ಲಿ ಉಳಿದುಕೊಂಡರೂ 20 ಕಿಲೋಓಮ್ ದಾಟಿ ಬರುವುದು ಅರ್ಧ ಮಿಲಿಆಂಪಿಯರಿಗಿಂತ ಕಡಿಮೆ, ಅಷ್ಟಕ್ಕೆ ಚಿಪ್ ಸಾಯುವುದಿಲ್ಲ.

ಇದೇ ಮೂರು ರೆಸಿಸ್ಟರನ್ನು ಪಿಎಚ್ ಎಲೆಕ್ಟ್ರೋಡಿಗೆ ಜೋಡಿಸಿದರೆ ಮಾತ್ರ ಏನೂ ಸಿಗುವುದಿಲ್ಲ. ಕಾರಣ ಗಾಜು. ಎಲೆಕ್ಟ್ರೋಡಿನ ವೋಲ್ಟೇಜ್ ಆ ಗಾಜನ್ನು ದಾಟಿಯೇ ಬರಬೇಕು. ಅದರ ರೋಧ ಸಾಮಾನ್ಯವಾಗಿ ನೂರು ಮೆಗಾಓಮ್‌ನ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಒಂದು ನ್ಯಾನೋಆಂಪಿಯರ್, ಅಂದರೆ ಆಂಪಿಯರಿನ ನೂರು ಕೋಟಿಯಲ್ಲೊಂದು ಭಾಗ, ಎಲೆಕ್ಟ್ರೋಡಿನಿಂದ ಹೊರಗೆ ಸೋರಿದರೂ ನೂರು ಮೆಗಾಓಮಿನಲ್ಲಿ 100 ಮಿಲಿವೋಲ್ಟ್ ಬಿದ್ದುಹೋಗುತ್ತದೆ. ಪಿಎಚ್ ಲೆಕ್ಕದಲ್ಲಿ ಅದು 1.7ರಷ್ಟು ತಪ್ಪು! ಅಗ್ಗಕ್ಕೆ ಸಿಗುವ ಎಲ್‌ಎಂ358 ಆಪ್-ಆಂಪ್ ಎಂಬ ಆಂಪ್ಲಿಫೈಯರ್ ಚಿಪ್ಪನ್ನು ನಡುವೆ ಹಾಕಿದರೆ ಅದು ಇನ್‌ಪುಟ್‌ನಲ್ಲೇ ಹತ್ತಾರು ನ್ಯಾನೋಆಂಪಿಯರ್ ಕೇಳುತ್ತದೆ. 20 ಎಂದುಕೊಂಡರೂ ತಪ್ಪು 2 ವೋಲ್ಟ್ ಆಯಿತು, ಎಲೆಕ್ಟ್ರೋಡಿನ ಇಡೀ ಹರವಿಗಿಂತ ಎರಡು ಪಟ್ಟಿಗೂ ಹೆಚ್ಚು. ಅದೇ ಜಾಗದಲ್ಲಿ ಮಾಸ್‌ಫೆಟ್ ಇನ್‌ಪುಟ್‌ನ ಸಿಎ3140 ಹಾಕಿದರೆ ಕೆಲವೇ ಪಿಕೋಆಂಪಿಯರ್. ತಪ್ಪು ಅರ್ಧ ಮಿಲಿವೋಲ್ಟಿನ ಮಟ್ಟಕ್ಕೆ ಇಳಿಯುತ್ತದೆ. ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ 1934ರಲ್ಲಿ ಇದೇ ಗಾಜಿನ ಹಠಕ್ಕೆ ನಿರ್ವಾತ ಕೊಳವೆಯ ಆಂಪ್ಲಿಫೈಯರಿನಿಂದ ಉತ್ತರ ಕೊಟ್ಟರು. ಅವರ ಹಳೆಯ ಸಹಪಾಠಿಯೊಬ್ಬರು ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಂಸ್ಥೆಯಲ್ಲಿದ್ದರು, ನಿಂಬೆರಸದ ಹುಳಿ ಅಳೆಯಬೇಕಿತ್ತು. ಕೊಂಡೊಯ್ಯಬಹುದಾದ ಮೊದಲ ಪಿಎಚ್ ಮೀಟರ್ ಹುಟ್ಟಿದ್ದು ಹೀಗೆ.

ಗಾಜಿನ ಈ ಸಮಸ್ಯೆ ಬಗೆಹರಿದರೆ ಎಲೆಕ್ಟ್ರೋಡಿನಲ್ಲೊಂದು ಅನುಕೂಲವಿದೆ. ಅದಕ್ಕೆ ತನ್ನದೇ ಆದ ಗ್ರೌಂಡ್ ಇಲ್ಲ. ಬಿಎನ್‌ಸಿ ಕನೆಕ್ಟರಿನ ನಡುಸೂಜಿ ಒಂದು ಕಡೆ, ಹೊರಕವಚ ಇನ್ನೊಂದು ಕಡೆ, ಅಷ್ಟೆ. ಹೊರಕವಚವನ್ನೇ 2.5 ವೋಲ್ಟಿನ ಮೇಲೆ ಕೂರಿಸಿದರೆ ಇಡೀ ಬ್ಯಾಟರಿ ಆ ಎತ್ತರಕ್ಕೆ ಏರುತ್ತದೆ. ಐದು ಪಟ್ಟು ಹಿಗ್ಗಿಸಿದರೆ ಪಿಎಚ್ 0ಯಿಂದ 14ರವರೆಗಿನ ±414 ಮಿಲಿವೋಲ್ಟ್ 0.43ರಿಂದ 4.57 ವೋಲ್ಟಾಗಿ, ಎಡಿಸಿಯ ಮನೆಯೊಳಗೇ ನಿಲ್ಲುತ್ತದೆ. ಆಗ ಒಂದು ಪಿಎಚ್‌ಗೆ ಅರವತ್ತು ಮೆಟ್ಟಿಲು. ಹಿಗ್ಗಿಸದೆ ಬಿಟ್ಟರೆ ಹನ್ನೆರಡು.

ಅಂಗಡಿಗಳಲ್ಲಿ ಸಿಗುವ ಪಿಎಚ್-4502ಸಿ ಎಂಬ ಸಿದ್ಧ ಬೋರ್ಡಿನಲ್ಲಿ ಈ ಕೆಲಸವೆಲ್ಲ ಮೊದಲೇ ಆಗಿರುತ್ತದೆ. ಅದರ ಮೇಲಿನ ನೀಲಿ ಟ್ರಿಮ್ಮರುಗಳಲ್ಲಿ ಒಂದು ಸೊನ್ನೆಯನ್ನು ಸರಿಸುವುದಕ್ಕೇ ಇರುವುದು. ಎಲೆಕ್ಟ್ರೋಡ್ ಬಿಚ್ಚಿ, ಬಿಎನ್‌ಸಿಯ ನಡುಸೂಜಿಗೂ ಹೊರಕವಚಕ್ಕೂ ಒಂದು ತುಂಡು ತಂತಿ ಮುಟ್ಟಿಸಿ ಶಾರ್ಟ್ ಮಾಡಬೇಕು. ಶಾರ್ಟ್ ಎಂದರೆ 0 ಮಿಲಿವೋಲ್ಟ್, ಅಂದರೆ ಪಿಎಚ್ 7. ಆಗ ಔಟ್‌ಪುಟ್‌ನಲ್ಲಿ 2.5 ವೋಲ್ಟ್ ಬರುವವರೆಗೆ ಸಣ್ಣ ಸ್ಕ್ರೂಡ್ರೈವರಿನಿಂದ ತಿರುಪು ತಿರುಗಿಸಬೇಕು. ಈ ಬೋರ್ಡನ್ನು ಆರ್ಡುಯಿನೋ ಬದಲು ಹಾಗೇ ಇಎಸ್‌ಪಿ32ಗೆ ಜೋಡಿಸುವವರು ಗಮನಿಸಬೇಕಾದ ಒಂದು ಮಾತಿದೆ. ಇಎಸ್‌ಪಿ32ರ ಮಿತಿ 3.3 ವೋಲ್ಟ್, ಬೋರ್ಡೋ 2.5ರಲ್ಲಿ ಸೊನ್ನೆ ಇಟ್ಟುಕೊಂಡು ಆಮ್ಲದ ಕಡೆಗೆ ಪಿಎಚ್‌ಗೆ ಸುಮಾರು 0.18 ವೋಲ್ಟಿನಂತೆ ಏರುತ್ತದೆ. ಪಿಎಚ್ 2 ಬರುವ ಹೊತ್ತಿಗೆ 3.4! ಐದು ವೋಲ್ಟಿನ ಲೋಕಕ್ಕೆ ಮಾಡಿದ ನಡುಬಿಂದು 3.3 ವೋಲ್ಟಿನ ಲೋಕದಲ್ಲಿ ನಡುವಿನಲ್ಲಿ ಇರುವುದಿಲ್ಲ.

ಸೊನ್ನೆಯನ್ನು ಎತ್ತುವುದು ಹತ್ತು ನಿಮಿಷದ ಕೆಲಸ. ಎತ್ತಿದ ಸೊನ್ನೆ ಅಲ್ಲೇ ಇದೆಯೇ ಎಂದು ದಿನವೂ ಖಾತ್ರಿ ಮಾಡಿಕೊಳ್ಳುವುದು ನಿಜವಾದ ಕೆಲಸ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಬರುವ 5 ವೋಲ್ಟ್ ಹೆಚ್ಚಿನ ಸಲ 5 ಇರುವುದಿಲ್ಲ. ಎಡಿಸಿಯ ಅಳತೆಗೋಲು ಅದೇ. ಅದು 4.8ಕ್ಕೆ ಇಳಿದಿದೆ ಎನ್ನೋಣ. ನಡುಬಿಂದುವನ್ನು ಒಂದು ಪ್ರತ್ಯೇಕ, ಕರಾರುವಾಕ್ಕಾದ 2.5 ವೋಲ್ಟಿನ ಚಿಪ್ಪಿನಿಂದ ತಂದಿದ್ದರೆ ಎಡಿಸಿ ಅದನ್ನು 512ರ ಬದಲು 533 ಎಂದು ಓದುತ್ತದೆ. ಇಪ್ಪತ್ತೊಂದು ಮೆಟ್ಟಿಲಿನ ಈ ಜಾರುವಿಕೆ 0.35 ಪಿಎಚ್‌ಗೆ ಸಮ. ಶುದ್ಧ ತಟಸ್ಥ ನೀರು 6.65 ಎಂದು ಕಾಣುತ್ತದೆ. ಅದರ ಬದಲು, ಇಳಿದ 4.8 ವೋಲ್ಟನ್ನೇ ಎರಡು ಸಮಾನ ರೆಸಿಸ್ಟರಿನಿಂದ ಅರ್ಧ ಮಾಡಿ ನಡುಬಿಂದು ಮಾಡಿಕೊಂಡಿದ್ದರೆ? ನಡುಬಿಂದುವೂ 2.4ಕ್ಕೆ ಇಳಿಯುತ್ತದೆ, ಎಡಿಸಿಯ ಅಳತೆಗೋಲೂ ಅಷ್ಟೇ ಕುಗ್ಗುತ್ತದೆ, 512 ಕದಲುವುದಿಲ್ಲ. ನಿಖರ ಚಿಪ್ಪಿಗಿಂತ ಎರಡು ಪುಡಿ ರೆಸಿಸ್ಟರ್ ಮೇಲು ಎನ್ನುವ ಅಪರೂಪದ ಸಂದರ್ಭ. ಆದರೂ ಮೋಸ ಪೂರ್ತಿ ಹೋಗಿಲ್ಲ: ಸೊನ್ನೆ ನಿಂತಿತು, ಮೆಟ್ಟಿಲು ಚಿಕ್ಕದಾಯಿತು, ಪಿಎಚ್ 4ರ ದ್ರಾವಣ ಈಗ 3.88 ಎನ್ನುತ್ತದೆ. ಎಡಿಸಿಗೇ ಸ್ಥಿರವಾದ ರೆಫರೆನ್ಸ್ ಕೊಟ್ಟು, ನಡುಬಿಂದುವನ್ನೂ ಅದರಿಂದಲೇ ತೆಗೆದರೆ ಎರಡೂ ತಪ್ಪು ಒಟ್ಟಿಗೆ ತೀರುತ್ತವೆ.

ಎಲೆಕ್ಟ್ರೋಡ್ ಸಹ ಸುಮ್ಮನಿರುವುದಿಲ್ಲ. ಹಳತಾದಂತೆ ಪಿಎಚ್ 7ರಲ್ಲಿ ಕೊಡುವ ವೋಲ್ಟೇಜ್ ಸೊನ್ನೆಯಿಂದ ಹತ್ತಿಪ್ಪತ್ತು ಮಿಲಿವೋಲ್ಟ್ ಆಚೀಚೆ ಸರಿಯುತ್ತದೆ, ಒಂದು ಪಿಎಚ್‌ಗೆ ಕೊಡುವ 59 ಮಿಲಿವೋಲ್ಟೂ ಕುಗ್ಗುತ್ತದೆ. ಬಿಸಿಲಿಗೆ ನೀರು 30 ಡಿಗ್ರಿಗೆ ಏರಿದರೆ ಅದೇ 59.16 ಇದ್ದದ್ದು 60.15 ಆಗುತ್ತದೆ. ಆದ್ದರಿಂದಲೇ ಪ್ರಯೋಗಾಲಯಗಳು 4, 7 ಮತ್ತು 9.2ರ ಬಫರ್ ದ್ರಾವಣಗಳನ್ನು ಇಟ್ಟುಕೊಳ್ಳುವುದು. ಇವುಗಳ ಮಾತ್ರೆ ಸಿಗುತ್ತದೆ, ನಿಗದಿತ ಪ್ರಮಾಣದ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಆಯಿತು. 7ರ ದ್ರಾವಣ ಸೊನ್ನೆ ಎಲ್ಲಿದೆ ಎಂದು ತೋರಿಸುತ್ತದೆ, ಉಳಿದೆರಡು ಮೆಟ್ಟಿಲಿನ ಅಗಲ ಹೇಳುತ್ತವೆ. 4 ಮತ್ತು 7 ಮಾತ್ರ ಮಾಡಿ 9.2 ಬಿಡುವವರಿದ್ದಾರೆ, ಅವರು ಧನ ಅರ್ಧವನ್ನು ಮಾತ್ರ ಪರೀಕ್ಷಿಸಿದ್ದಾರೆ. ವೃಷಭಾವತಿಯಂಥ ನೀರಿಗೆ ಬೇಕಿರುವುದು ಮುಖ್ಯವಾಗಿ ಇನ್ನೊಂದು ಅರ್ಧ.

ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಮನೆಮನೆಯ ಗೋಡೆಯ ಮೇಲೆ ಕೂತಿರುವ ಇನ್ನೊಂದು ಯಂತ್ರ ದಿನವಿಡೀ ಸೊನ್ನೆಯ ಮೇಲೂ ಕೆಳಗೂ ಓಡಾಡುತ್ತದೆ. ಅದು ಬೆಸ್ಕಾಂ ಮೀಟರು. ಮನೆಗೆ ಬರುವ 230 ವೋಲ್ಟ್ ಒಂದು ಬಗೆಯ ಸರಾಸರಿ ಮಾತ್ರ. ತಂತಿಯ ವೋಲ್ಟೇಜ್ ಸೆಕೆಂಡಿಗೆ ಐವತ್ತು ಸಲ +325ಕ್ಕೆ ಏರಿ −325ಕ್ಕೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ಮೀಟರ್ ಅದನ್ನು ರೆಸಿಸ್ಟರುಗಳಿಂದ ಮಿಲಿವೋಲ್ಟುಗಳ ಮಟ್ಟಕ್ಕೆ ತಗ್ಗಿಸಿ, ಕರೆಂಟನ್ನೂ ಹಾಗೆಯೇ ಸಣ್ಣ ವೋಲ್ಟೇಜಾಗಿಸಿ, ಎರಡನ್ನೂ ಸೆಕೆಂಡಿಗೆ ಸಾವಿರಾರು ಸಲ ಓದಿ ಗುಣಿಸುತ್ತದೆ. ವೋಲ್ಟೇಜ್ ಋಣವಾಗಿದ್ದಾಗ ಕರೆಂಟೂ ಋಣವಾಗಿದ್ದರೆ ಗುಣಲಬ್ಧ ಧನ: ಮನೆ ವಿದ್ಯುತ್ ತೆಗೆದುಕೊಳ್ಳುತ್ತಿದೆ. ಬಸವೇಶ್ವರನಗರದ ಒಂದು ತಾರಸಿಯ ಸೌರಫಲಕ ನಡುಮಧ್ಯಾಹ್ನ ಮೂರು ಕಿಲೋವ್ಯಾಟ್ ಕೊಟ್ಟು ಮನೆ ಒಂದನ್ನೇ ಬಳಸಿದರೆ, ಉಳಿದೆರಡು ಹೊರಗೆ ಹೋಗುವಾಗ ಕರೆಂಟಿನ ಅಲೆ ವೋಲ್ಟೇಜಿನ ಅಲೆಗೆ ಎದುರಾಗುತ್ತದೆ. ಗುಣಲಬ್ಧ ಋಣವಾಗುತ್ತದೆ, ಯೂನಿಟ್ಟು ಹೊರಹೋದ ಲೆಕ್ಕಕ್ಕೆ ಸೇರುತ್ತದೆ. ನೆಟ್ ಮೀಟರಿಂಗ್‌ನ ಬಿಲ್ಲು ನಿಂತಿರುವುದು ಈ ಒಂದು ಚಿಹ್ನೆಯ ಮೇಲೆ.

ಮೀಟರಿಗೆ ಇಲ್ಲಿ ಒಂದು ಅದೃಷ್ಟವಿದೆ. ಸರಿಯಾಗಿ ಒಂದು ಪೂರ್ಣ ಅಲೆಯ, ಅಂದರೆ 20 ಮಿಲಿಸೆಕೆಂಡಿನ, ಓದುಗಳನ್ನೆಲ್ಲ ಕೂಡಿ ಸರಾಸರಿ ತೆಗೆದರೆ ಬರುವುದೇ ಸೊನ್ನೆಯ ಜಾಗ. ಅಲೆ ತನ್ನ ಸೊನ್ನೆಯನ್ನು ತಾನೇ ಹೊತ್ತು ತರುತ್ತದೆ. ಸ್ಥಿರವಾದ ಜಾರುವಿಕೆಯನ್ನು ಒರೆಸಿಹಾಕುವ ಫಿಲ್ಟರ್ ಮೀಟರಿನ ಚಿಪ್ಪಿನೊಳಗೇ ಇರುತ್ತದೆ. ಇಲ್ಲದಿದ್ದರೆ ವೋಲ್ಟೇಜಿನ ಜಾರು ಕರೆಂಟಿನ ಜಾರನ್ನು ಗುಣಿಸಿ, ಏನನ್ನೂ ಉರಿಸದ ಮನೆಗೂ ಸುಳ್ಳು ಯೂನಿಟ್ಟು ಏರಿಸೀತು. ಈ ಉಪಾಯವನ್ನು ಪಿಎಚ್‌ಗೆ ಬಳಸುವಂತಿಲ್ಲ. ಅಲ್ಲಿ ಅಳೆಯಬೇಕಾದ ಸಂಗತಿಯೇ ಅಲುಗದೆ ನಿಂತ ವೋಲ್ಟೇಜ್. ಅದೇ ಫಿಲ್ಟರ್ ಹಾಕಿದರೆ ಜಾರುವಿಕೆಯ ಜೊತೆಗೆ ಪಿಎಚ್ ಸಹ ತೊಳೆದುಹೋಗುತ್ತದೆ.

ಮೂರನೆಯ ಉದಾಹರಣೆ ವೃಷಭಾವತಿಯ ಕಣಿವೆಯ ಗುಂಟವೇ ಓಡುತ್ತದೆ. ಮೈಸೂರು ರಸ್ತೆಯಿಂದ ಕೆಂಗೇರಿಗೆ 2021ರ ಆಗಸ್ಟ್‌ನಲ್ಲಿ, ಅಲ್ಲಿಂದ ಚಲ್ಲಘಟ್ಟಕ್ಕೆ 2023ರ ಅಕ್ಟೋಬರ್‌ನಲ್ಲಿ ಬಂದ ನಮ್ಮ ಮೆಟ್ರೋದ ನೇರಳೆ ಮಾರ್ಗಕ್ಕೆ ಮೂರನೆಯ ಹಳಿಯಿಂದ 750 ವೋಲ್ಟ್ ಡಿಸಿ ಸಿಗುತ್ತದೆ. ರೈಲು ಹೊರಡುವಾಗ ಹಳಿಯಿಂದ ಕರೆಂಟು ಎಳೆದುಕೊಳ್ಳುತ್ತದೆ, ಬ್ರೇಕ್ ಹಾಕುವಾಗ ಮೋಟಾರೇ ಜನರೇಟರ್ ಆಗಿ ಹಳಿಗೆ ಮರಳಿಸುತ್ತದೆ. ಹೀಗೆ ದಿಕ್ಕು ಬದಲಿಸುವ ಕರೆಂಟನ್ನು ಅಳೆಯಲು ತಕ್ಕದ್ದು ಹಾಲ್ ಪರಿಣಾಮದ ಸಂವೇದಕ. ಅದರ ಪುಟಾಣಿ ರೂಪವಾದ ಎಸಿಎಸ್712 ಚಿಪ್ ಹವ್ಯಾಸಿಗಳಿಗೂ ಸಿಗುತ್ತದೆ. ಕರೆಂಟಿಲ್ಲದಾಗ ಅದು 2.5 ವೋಲ್ಟ್ ಕೊಡುತ್ತದೆ. 20 ಆಂಪಿಯರಿನ ಮಾದರಿಯಲ್ಲಿ ಒಂದು ಆಂಪಿಯರ್ ಒಂದು ದಿಕ್ಕಿಗೆ ಹರಿದರೆ 2.6, ಇನ್ನೊಂದು ದಿಕ್ಕಿಗೆ ಹರಿದರೆ 2.4. ಇಲ್ಲಿ ಸೊನ್ನೆಯನ್ನು ಹಿಡಿಯುವ ಜಾಗ ಬೇರೆ: ಸ್ವಿಚ್ ಆರಿಸಿ, ಕರೆಂಟು ಹರಿಯುವುದಿಲ್ಲ ಎಂದು ಖಚಿತವಿರುವ ಗಳಿಗೆಯಲ್ಲಿ ಓದಿ ಬರೆದಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಗೋಜಲೇಕೆ, ನೇರವಾಗಿ ಧನ-ಋಣ ಎರಡನ್ನೂ ಓದುವ ಎಡಿಸಿ ಕೊಂಡರಾಯಿತು ಎನ್ನುವವರಿಗೆ ಮಾರುಕಟ್ಟೆಯಲ್ಲಿ ಎಡಿಎಸ್1115 ಇದೆ. ಹದಿನಾರು ಬಿಟ್, −32768ರಿಂದ 32767ರವರೆಗೆ ಎಣಿಕೆ, ±256 ಮಿಲಿವೋಲ್ಟಿನಷ್ಟು ಸೂಕ್ಷ್ಮ ಹರವು. ಒಳ್ಳೆಯ ಚಿಪ್, ಸಂಶಯವಿಲ್ಲ. ಆದರೆ ಅದರ ಹಾಳೆಯ ಮೇಲಿನ ‘±’ ಬಹಳ ಜನರ ದಾರಿ ತಪ್ಪಿಸುತ್ತದೆ. ಅದು ಓದುವುದು ಎರಡು ಕಾಲುಗಳ ನಡುವಿನ ವ್ಯತ್ಯಾಸವನ್ನು; ವ್ಯತ್ಯಾಸ ಋಣವಾಗಬಹುದು, ಆದರೆ ಎರಡರಲ್ಲಿ ಯಾವ ಕಾಲೂ ಗ್ರೌಂಡಿಗಿಂತ 0.3 ವೋಲ್ಟಿಗೂ ಕೆಳಗೆ ಇಳಿಯುವಂತಿಲ್ಲ. ಅಂದರೆ ಈ ಚಿಪ್ಪಿಗೂ ಎಲೆಕ್ಟ್ರೋಡನ್ನು ನಡುಬಿಂದುವಿಗೆ ಎತ್ತಿಯೇ ಕೊಡಬೇಕು. ಲಾಭ ಬೇರೆ ಇದೆ: ಒಂದು ಕಾಲನ್ನು ಸಿಗ್ನಲ್ಲಿಗೂ ಇನ್ನೊಂದನ್ನು ನಡುಬಿಂದುವಿಗೂ ಕಟ್ಟಿದರೆ, ನಡುಬಿಂದು ತುಸು ಅಲುಗಾಡಿದರೂ ವ್ಯತ್ಯಾಸ ಅಲುಗುವುದಿಲ್ಲ. ಪ್ರೋಗ್ರಾಮಿನಲ್ಲಿ ಉತ್ತರವನ್ನು ಚಿಹ್ನೆಯಿಲ್ಲದ ಸಂಖ್ಯೆಯೆಂದು ಓದಿಕೊಂಡರೆ ಮಾತ್ರ −1 ಎಂಬುದು 65535 ಆಗಿ ಮೂಡಿ, ತಟಸ್ಥ ನೀರು ಪರದೆಯ ಮೇಲೆ ಘೋರ ಆಮ್ಲವಾಗುತ್ತದೆ.

ಹೊಳೆಯ ದಡದಲ್ಲಿ ಪಿಎಚ್ ಅಳೆಯಲು ಹೊರಟಿರುವ ವಿದ್ಯಾರ್ಥಿಗಳು ಹೆಚ್ಚು ಬಿಟ್‌ಗಳ ಚಿಪ್ಪಿಗೆ ಹಣ ಹಾಕುವ ಮುಂಚೆ 7 ಮತ್ತು 9.2ರ ಬಫರ್ ಮಾತ್ರೆ ಕೊಳ್ಳಲಿ. ಹೊರಡುವ ಮುನ್ನ ಎರಡರಲ್ಲೂ ಅದ್ದಿ, ಬಂದ ಅಂಕಿಗಳನ್ನು ತಾರೀಖಿನ ಸಮೇತ ಬರೆದಿಡಲಿ. ವಾಪಸು ಬಂದ ಮೇಲೆ ಮತ್ತೊಮ್ಮೆ ಅದ್ದಿ ನೋಡಲಿ. ಕೆಲಸ ಮುಗಿದ ಮೇಲೆ ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಇಡಬಾರದು. ಅದರ ಟೋಪಿಯಲ್ಲಿ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಇರಬೇಕು. ಗಾಜು ಒಣಗಿದರೆ ಮರುದಿನ ಸೊನ್ನೆ ಇನ್ನೆಲ್ಲೋ ಇರುತ್ತದೆ.